ತನ್ನೂರ ವಿಹಾರ: ಬನವಾಸಿ ಸೀಮೆಯಲ್ಲಿ ಒಂದು ದಿನ

‘ವಿಹಾರ’ ಎಂಬ ಪದ ಕನ್ನಡದಲ್ಲಿ ಎರಡು ಬೇರೆ ಬೇರೆ ಅರ್ಥಗಳಲ್ಲಿ ಬಳಕೆಯಲ್ಲಿದೆ. ಜೈನ ಮುನಿಗಳು ಒಂದು ಊರಿನಿಂದ ಇನ್ನೊಂದು ಊರಿಗೆ ಬರಿಗಾಲಿನಲ್ಲಿ ನಡೆದು ಹೋಗುವುದನ್ನು ವಿಹಾರ ಎನ್ನುತ್ತಾರೆ. ಬಿಡುವಿನ ದಿನ ಮನೆಮಂದಿಯೆಲ್ಲ ಸೇರಿ ಜಲಪಾತಕ್ಕೋ ಕೆರೆಯ ದಂಡೆಗೋ ಹೋಗಿ ಬರುವುದನ್ನೂ ವಿಹಾರ ಎನ್ನುತ್ತಾರೆ. ಒಂದು ತ್ಯಾಗದ ನಡೆ, ಇನ್ನೊಂದು ಭೋಗದ ನಡೆ ಎಂದು ಇವೆರಡನ್ನು ದೂರವಿಡುವುದು ವಾಡಿಕೆ. ಆದರೂ ಇವಕ್ಕೆ ಸಮಾನವಾದ ಒಂದು ಲಕ್ಷಣವಿದೆ. ಎರಡರಲ್ಲಿಯೂ ಅವಸರಕ್ಕೆ ಎಡೆಯಿಲ್ಲ. ಮುನಿಗೆ ವಿಹಿತವಾದ ಈರ್ಯಾಸಮಿತಿಯು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ಹೆಜ್ಜೆಯಿಡಬೇಕೆಂದು ವಿಧಿಸುತ್ತದೆ; ಕಾಲಡಿಯ ಜೀವಕ್ಕೆ ಹಾನಿಯಾಗಬಾರದೆಂಬುದು ಅದರ ಉದ್ದೇಶ. ಗೃಹಸ್ಥನ ವಿಹಾರಕ್ಕೆ ಅಂಥ ವ್ರತನಿಯಮವಿಲ್ಲ. ಆದರೆ ನೋಡಿ ನಡೆಯಬೇಕೆಂಬ ಮಾತು ಅವನಿಗೂ ಸಲ್ಲುತ್ತದೆ. ತಾನು ಹುಟ್ಟಿ ಬೆಳೆದ ಊರಿನಲ್ಲಿ ನಡೆಯುವಾಗಲಂತೂ ಇನ್ನೂ ಹೆಚ್ಚು ಸಲ್ಲುತ್ತದೆ. ಏಕೆಂದರೆ ಮನುಷ್ಯ ಅತ್ಯಂತ ಕಡಿಮೆ ನೋಡುವ ಊರು ಬಹುಮಟ್ಟಿಗೆ ಅವನದೇ ಆಗಿರುತ್ತದೆ.

ಸಿದ್ದಾಪುರ ತಾಲ್ಲೂಕಿನ ಕೋಲಸಿರ್ಸಿಯಂಥ ಹಳ್ಳಿಯವರ ದಿನಚರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇಂಥ ಹಳ್ಳಿಗಳವರು ವರ್ಷಕ್ಕೆ ಹತ್ತಾರು ಬಾರಿ ಸಿದ್ದಾಪುರ ಪೇಟೆಗೂ ಶಿರಸಿಗೂ ಹೋಗಿ ಬರುತ್ತಾರೆ. ಅಡಿಕೆಯ ವಹಿವಾಟು, ಬ್ಯಾಂಕಿನ ಸಾಲ, ಪಹಣಿ, ಆಸ್ಪತ್ರೆ, ಮಕ್ಕಳ ಕಾಲೇಜು, ಮದುವೆಯ ಜವಳಿ ಹೀಗೆ ಹೋಗುವುದಕ್ಕೆ ಕಾರಣಗಳು ಹಲವು. ಕೆಲಸ ಮುಗಿಯಿತೆಂದರೆ ಊರಿಗೆ ಮರಳುವ ಬಸ್ಸು ಎಷ್ಟು ಹೊತ್ತಿಗೆಂಬುದೊಂದೇ ಯೋಚನೆ. ಮೂವತ್ತು ನಲವತ್ತು ವರ್ಷ ಹೀಗೆ ಓಡಾಡಿದವರನ್ನು, ಶಿರಸಿಯ ಮಾರಿಕಾಂಬೆಯ ಗುಡಿಯ ಗೋಡೆಯ ಮೇಲೆ ಯಾವ ಚಿತ್ರಗಳಿವೆ ಎಂದು ಕೇಳಿದರೆ ಉತ್ತರ ಹೊಳೆಯುವುದು ಕಷ್ಟ. ಬಿಳಗಿಯ ಬಸದಿಗೆ ದಾರಿ ತೋರಿಸಬಲ್ಲವರು ಬಹಳ. ಅದರೊಳಗೆ ಒಂದು ಗಳಿಗೆ ಕುಳಿತವರು ವಿರಳ. ಇದನ್ನು ಅವರ ದೋಷವೆಂದು ಹೇಳುವಂತಿಲ್ಲ. ತೋಟ-ಗದ್ದೆಯ ಬದುಕು ಪುರುಸೊತ್ತನ್ನು ಧಾರಾಳವಾಗಿ ಕೊಡುವುದಿಲ್ಲ. ಆದರೆ ಸಾಹಿತ್ಯವನ್ನೂ ಇತಿಹಾಸವನ್ನೂ ಅಭ್ಯಾಸ ಮಾಡುವ ವಿದ್ಯಾರ್ಥಿಗಳು, ಸಂಶೋಧಕರು ಸಹ ತಮ್ಮ ಸೀಮೆಯನ್ನು ಹೀಗೆಯೇ ದಾಟಿ ಹೋಗುತ್ತಿರುವುದು ಚಿಂತೆಗೆ ಕಾರಣವಾಗಬೇಕು. ಸ್ವಂತ ಊರಿನಲ್ಲಿ ಒಂದಿಡೀ ದಿನ ಯಾವ ಕೆಲಸದ ಹಂಗೂ ಇಲ್ಲದೆ ನೋಡುತ್ತ ಅಲೆಯುವುದು ಸೋಮಾರಿತನವೆಂದೂ, ಹೆಚ್ಚೆಂದರೆ ಅಧ್ಯಯನಕ್ಕೆ ಸೇರದ ಹವ್ಯಾಸವೆಂದೂ ತಿಳಿಯುವ ಪ್ರವೃತ್ತಿ ಬೆಳೆದಿದೆ. ವಾಸ್ತವದಲ್ಲಿ ಈ ಸೀಮೆಯ ಸಾಹಿತ್ಯವನ್ನು ಅರಿಯುವುದಕ್ಕೆ ಅದು ಮೊದಲ ಪಾಠ. ಈ ಸೀಮೆಯ ಸ್ಮಾರಕಗಳು ಉಳಿಯಬೇಕಾದರೆ ಅದೇ ಮೊದಲ ಕಾವಲು.

ಇಂದು ಇಲ್ಲಿಯವರು ತಮ್ಮ ಊರನ್ನು ನೋಡುವ ಸಂದರ್ಭ ಹೆಚ್ಚಾಗಿ ಒಂದೇ. ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ನೆಂಟರು ಬಂದಾಗ. ಬೆಳಿಗ್ಗೆ ಬಾಡಿಗೆಯ ಕಾರು ಬಂದು ನಿಲ್ಲುತ್ತದೆ. ಮಾರಿಗುಡಿ, ಸಹಸ್ರಲಿಂಗ, ಸೋದೆ, ಯಾಣ ಎಂದು ಪಟ್ಟಿ ಸಿದ್ಧವಾಗುತ್ತದೆ. ಹೊತ್ತು ಮಿಕ್ಕರೆ ಬನವಾಸಿಯೂ ಸೇರುತ್ತದೆ. ಪ್ರತಿಯೊಂದು ಕಡೆ ಅರ್ಧ ಗಂಟೆ, ನಾಲ್ಕಾರು ಫೋಟೊ, ಮತ್ತೆ ಪಯಣ. ಮನೆಯವರಿಗೆ ಅತಿಥಿಗಳ ಊಟದ ಚಿಂತೆ, ಚಾಲಕನಿಗೆ ಘಟ್ಟದ ತಿರುವುಗಳ ಚಿಂತೆ. ಸಂಜೆ ಮರಳುವಾಗ ‘ಐದು ಸ್ಥಳ ಆಯಿತು’ ಎನ್ನುತ್ತಾರೆ. ಈ ‘ಆಯಿತು’ ಎಂಬ ಮಾತು ಗಮನಾರ್ಹ. ಅಡುಗೆ ಆಗುತ್ತದೆ, ಪರೀಕ್ಷೆ ಆಗುತ್ತದೆ, ಸಾಲದ ಕಂತು ಆಗುತ್ತದೆ. ಊರನ್ನು ನೋಡುವುದನ್ನೂ ಅದೇ ಸಾಲಿಗೆ ಸೇರಿಸಿದರೆ ಅಲ್ಲಿ ನೋಟಕ್ಕೆ ಜಾಗವಿಲ್ಲದಂತಾಗುತ್ತದೆ.

ಹಿಂದಿನವರಿಗೆ ಊರನ್ನು ನೋಡುವುದಕ್ಕೆಂದೇ ಮೀಸಲಾದ ಸಂದರ್ಭವೊಂದಿತ್ತು, ಅದು ಜಾತ್ರೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ದೇವಿ ಗುಡಿಯಿಂದ ರಥವೇರಿ ಬಿಡಕಿಬೈಲಿನ ಗದ್ದುಗೆಗೆ ಬಂದು ಕುಳಿತ ಮೇಲೆ ಒಂದು ವಾರಕ್ಕೂ ಮಿಗಿಲಾಗಿ ಊರಿಗೆ ಊರೇ ಬೀದಿಯಲ್ಲಿರುತ್ತದೆ. ಸುತ್ತಲಿನ ಹಳ್ಳಿಗಳಿಂದ ಬಂದವರು ದೇವಿಗೆ ಉಡಿ ತುಂಬಿ, ಆಮೇಲೆ ಇಡೀ ದಿನ ಪೇಟೆ ಸುತ್ತುತ್ತಿದ್ದರು. ಬಳೆಯಂಗಡಿ, ತೊಟ್ಟಿಲು, ನಾಟಕ, ಯಕ್ಷಗಾನದ ಚೌಕಿ, ಹೀಗೆ ಕಂಡದ್ದನ್ನೆಲ್ಲ ನಿಂತು ನೋಡುತ್ತಿದ್ದರು. ಏನನ್ನೂ ಕೊಳ್ಳದಿದ್ದರೂ ‘ಏಕೆ ಬಂದಿರಿ’ ಎಂದು ಕೇಳುವವರಿರಲಿಲ್ಲ. ಪೇಟೆ ನೋಡಲು ಹೋಗುವುದು ತಾನಾಗಿಯೇ ಒಂದು ಕಾರಣವಾಗಿತ್ತು. ಹೀಗೆ ನೋಡುವುದರಲ್ಲಿ ವಿವೇಚನೆಯೂ ಇತ್ತೆಂಬುದಕ್ಕೆ ಈ ಜಾತ್ರೆಯ ಇತಿಹಾಸವೇ ಸಾಕ್ಷಿ. ಗಾಂಧೀಜಿ 1934ರಲ್ಲಿ ಶಿರಸಿಗೆ ಬಂದ ಕಾಲದ ಆಸುಪಾಸಿನಲ್ಲಿ ಇಲ್ಲಿಯ ಕೋಣನ ಬಲಿ ನಿಂತಿತು. ತಲೆತಲಾಂತರದಿಂದ ಕಂಡು ಕಣ್ಣಿಗೆ ಒಗ್ಗಿಹೋದ ಒಂದು ಆಚರಣೆಯನ್ನು ಊರಿನವರು ಮೊದಲ ಬಾರಿಗೆ ಕಾಣುವವರಂತೆ ಕಂಡದ್ದರಿಂದಲೇ ಅದು ಸಾಧ್ಯವಾಯಿತು. ಅಹಿಂಸೆಯನ್ನು ಪರಮಧರ್ಮವೆಂದು ಸಾರಿದ ಬಸದಿಗಳು ಶತಮಾನಗಳಿಂದ ಇದ್ದ ಸೀಮೆಯಲ್ಲಿ ಈ ಬದಲಾವಣೆ ಬಂದದ್ದು ಹೀಗೆ ಎಂಬುದು ನೆನಪಿಡಬೇಕಾದ ಸಂಗತಿ.

ಅದೇ ಗುಡಿಯ ಗೋಡೆಗಳ ಮೇಲೆ ಕಾವಿ ಚಿತ್ರಗಳಿವೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಅದು ಹಸಿಯಿರುವಾಗಲೇ ಮೊನೆಯಾದ ಉಪಕರಣದಿಂದ ಕೆರೆದು ಅಡಿಯ ಬಿಳುಪನ್ನು ಮೇಲೆ ತರುವ ಕಲೆ ಇದು. ಕೊಂಕಣ ಕರಾವಳಿಯುದ್ದಕ್ಕೂ ಹಬ್ಬಿದ್ದ ಈ ಕಲೆ ಜೀರ್ಣೋದ್ಧಾರದ ಹೆಸರಿನಲ್ಲಿ ಅನೇಕ ಕಡೆ ಎಣ್ಣೆಬಣ್ಣದ, ಗ್ರಾನೈಟಿನ ಅಡಿಯಲ್ಲಿ ಮುಚ್ಚಿಹೋಗಿದೆ. ಮಂಗಳಾರತಿಯ ನೂಕುನುಗ್ಗಲಿನಲ್ಲಿ ಯಾರೂ ತಲೆಯೆತ್ತಿ ಈ ಚಿತ್ರಗಳನ್ನು ನೋಡುವುದಿಲ್ಲ. ಜಾತ್ರೆಯಿಲ್ಲದ, ಹಬ್ಬವಿಲ್ಲದ ಸಾಮಾನ್ಯ ದಿನದ ಮಧ್ಯಾಹ್ನ ಮೂರು ಗಂಟೆಯ ಬೆಳಕಿನಲ್ಲಿ ಒಂದು ಗೋಡೆಯ ಮುಂದೆ ಕಾಲು ಗಂಟೆ ನಿಲ್ಲುವವನಿಗೆ ಮಾತ್ರ ಅಲ್ಲಿಯ ರೇಖೆಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಶಿರಸಿಯಲ್ಲಿಯೇ ಇರುವ ಶಂಕರ ಹೊಂಡದ ವಿಚಾರವೂ ಹೀಗೆಯೇ. ಅಣೆಕಟ್ಟಿನ ಅಡ್ಡಿಯಿಲ್ಲದೆ ಕಡಲು ಸೇರುವ ಅಘನಾಶಿನಿಯ ಮೂಲಗಳಲ್ಲೊಂದು ಇದು. ಒಂದು ನದಿ ತನ್ನ ಪೇಟೆಯ ನಡುವಿನಿಂದ ಹೊರಡುತ್ತದೆಂಬುದು ಯಾವ ಊರಿಗಾದರೂ ಹೆಮ್ಮೆಯ ವಿಷಯ. ಸ್ಕೂಟರಿನಲ್ಲಿ ಅದರ ಪಕ್ಕ ದಾಟುವವರಿಗೆ ಅದು ರಸ್ತೆಯ ಬದಿಯ ಇನ್ನೊಂದು ಕೆರೆ, ಅಷ್ಟೆ.

ಪೇಟೆ ಬಿಟ್ಟು ಹೊರಡುವುದಾದರೆ ಬನವಾಸಿಗಿಂತ ಮೊದಲು ನೆನಪಾಗುವ ಊರು ಕನ್ನಡ ವಿದ್ಯಾರ್ಥಿಗೆ ಬೇರೆ ಇರಲಾರದು. ಪಂಪಭಾರತದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನನು ತೀರ್ಥಯಾತ್ರೆಯ ನಡುವೆ ಬನವಾಸಿ ನಾಡನ್ನು ಕಾಣುವ ಸಂದರ್ಭವನ್ನು ಪದವಿ ತರಗತಿಯಲ್ಲಿ ಓದದವರಿಲ್ಲ. ಬಹುಮಂದಿಗೆ ಆ ಪದ್ಯಗಳು ಕಂಠಪಾಠವೂ ಉಂಟು. ಆದರೆ ಆ ಭಾಗವನ್ನು ಸಾವಧಾನದಿಂದ ಓದಿದರೆ ಒಂದು ಅಚ್ಚರಿಯ ಸಂಗತಿ ತಿಳಿಯುತ್ತದೆ. ನಾಡನ್ನು ನೆನೆಯುವ ಆ ಪ್ರಸಿದ್ಧ ಪದ್ಯದಲ್ಲಿ ದೇವಾಲಯವಿಲ್ಲ, ಕೋಟೆಯಿಲ್ಲ, ಅರಮನೆಯಿಲ್ಲ. ಅಲ್ಲಿರುವುದು ಮೈಗೆ ಸೋಕುವ ತೆಂಕಣ ಗಾಳಿ, ಕಿವಿಗೆ ಬೀಳುವ ಒಳ್ಳೆಯ ಮಾತು ಮತ್ತು ಹಾಡು, ಅರಳಿದ ಮಲ್ಲಿಗೆ, ಪ್ರಿಯರ ಕೂಟ, ವಸಂತದ ಉತ್ಸವ. ಇನ್ನೊಂದು ಪದ್ಯದಲ್ಲಿ ತ್ಯಾಗ, ಭೋಗ, ಅಕ್ಷರವಿದ್ಯೆ, ಗೇಯ, ಗೋಷ್ಠಿ ಇವುಗಳ ಸುಖವನ್ನು ಬಲ್ಲವರೇ ಮನುಷ್ಯರು ಎಂಬ ಅಭಿಪ್ರಾಯ ಬರುತ್ತದೆ. ಇಂದಿನ ಪ್ರವಾಸಿ ಕೈಪಿಡಿಯಲ್ಲಿ ‘ನೋಡತಕ್ಕ ಸ್ಥಳಗಳು’ ಎಂಬ ಶೀರ್ಷಿಕೆಯಡಿ ಬರುವ ಒಂದು ವಸ್ತುವೂ ಪಂಪನ ಈ ಪಟ್ಟಿಯಲ್ಲಿಲ್ಲ. ಅವನು ಹೇಳುವುದೆಲ್ಲ ಒಂದು ಊರಿನಲ್ಲಿ ಪುರುಸೊತ್ತಿನಿಂದ ಉಳಿದವನಿಗೆ ಮಾತ್ರ ದಕ್ಕುವ ಅನುಭವಗಳು. ಅರ್ಧ ಗಂಟೆ ಇದ್ದು ಹೋಗುವವನಿಗೆ ಗಾಳಿ ಯಾವ ದಿಕ್ಕಿನಿಂದ ಬೀಸಿತೆಂಬುದು ತಿಳಿಯುವುದಿಲ್ಲ.

ಪಂಪನ ಮನೆತನದ ಮೂಲ ವೆಂಗಿಯ ಕಡೆಯದು. ಅವನ ತಮ್ಮ ಜಿನವಲ್ಲಭನ ಶಾಸನ ತಾಯಿಯ ಕಡೆಯನ್ನು ಅಣ್ಣಿಗೇರಿಯೊಂದಿಗೆ ಬೆಸೆಯುತ್ತದೆ. ಆಶ್ರಯದಾತ ಅರಿಕೇಸರಿಯ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. 941ರ ಆಸುಪಾಸಿನಲ್ಲಿ ಅಷ್ಟು ದೂರದ ಆಸ್ಥಾನದಲ್ಲಿದ್ದ ಕವಿ ವರದೆಯ ತೀರದ ಒಂದು ನಾಡನ್ನು ಇಷ್ಟು ಹಂಬಲಿಸಿ ನೆನೆದನೆಂದರೆ, ಆ ನೆನಪಿನ ಹಿಂದೆ ನಿಧಾನವಾದ ಒಂದು ನೋಟ ಇದ್ದಿರಲೇಬೇಕು. ಪ್ರಾಚೀನ ಚಂಪೂಕವಿಗಳು ಅಷ್ಟಾದಶ ವರ್ಣನೆಗಳನ್ನು ಲಕ್ಷಣಗ್ರಂಥದ ಕಟ್ಟಳೆಗಾಗಿ ಬರೆದರೆಂದು ಹೇಳಿ ನಗರವರ್ಣನೆ, ವನವಿಹಾರ, ಜಲಕ್ರೀಡೆಗಳ ಭಾಗವನ್ನು ತರಗತಿಯಲ್ಲಿ ಬಿಟ್ಟು ಮುಂದೆ ಹೋಗುವುದುಂಟು. ಆದರೆ ಪುರವನ್ನು ನೋಡುತ್ತ ನಡೆಯುವ ನಾಯಕನನ್ನು ಕಾವ್ಯದ ಒಂದು ಅಗತ್ಯ ಅಂಗವೆಂದು ಆ ಕಾಲದವರು ಭಾವಿಸಿದ್ದರೆಂಬುದೇ ಯೋಚಿಸತಕ್ಕ ವಿಷಯ. ಊರನ್ನು ನೋಡಲು ಬಾರದವನ ಕಥೆ ಅವರ ದೃಷ್ಟಿಯಲ್ಲಿ ಪೂರ್ಣವಾಗುತ್ತಿರಲಿಲ್ಲ.

ಬನವಾಸಿಯ ಮಧುಕೇಶ್ವರ ದೇವಾಲಯವನ್ನು ಈ ದೃಷ್ಟಿಯಿಂದ ಸುತ್ತಬೇಕು. ಅದು ಒಂದೇ ಕಾಲದ ಕಟ್ಟಡವಲ್ಲ. ಕದಂಬರ ಕಾಲಕ್ಕೆ ಸೇರಿದುದೆನ್ನುವ ಸರಳವಾದ ಒಳಭಾಗ, ಚಾಲುಕ್ಯರ ಕಾಲದ ನುಣುಪಾದ ದುಂಡುಕಂಬಗಳ ಮಂಟಪ, ಸೋದೆಯ ಅರಸರ ಕಾಲದ ಸೂಕ್ಷ್ಮ ಕುಸುರಿಯ ಕಲ್ಲಿನ ಮಂಚ ಇವೆಲ್ಲ ಒಂದೇ ಆವರಣದಲ್ಲಿವೆ. ಒಂದು ಸಾವಿರ ವರ್ಷಕ್ಕೂ ಮಿಕ್ಕ ಶಿಲ್ಪದ ಚರಿತ್ರೆಯನ್ನು ಹತ್ತು ನಿಮಿಷದ ನಡಿಗೆಯಲ್ಲಿ ದಾಟಬಹುದು. ಹಾಗೆ ದಾಟಿಯೇ ಹೆಚ್ಚಿನವರು ಹೋಗುತ್ತಾರೆ. ಅದೇ ಆವರಣದಲ್ಲಿ ಐದು ಹೆಡೆಯ ನಾಗಶಿಲ್ಪವೊಂದಿದೆ. ಕದಂಬರಿಗಿಂತ ಹಿಂದಿನ ಚುಟು ಅರಸರ ಕಾಲದ ಪ್ರಾಕೃತ ಶಾಸನ ಅದರ ಅಂಚಿನಲ್ಲಿದೆ. ರಾಜಕುಮಾರಿ ನಾಗಶ್ರೀ ಮಾಡಿಸಿದ ಮೂರು ದತ್ತಿಗಳನ್ನು ಆ ಶಾಸನ ಹೆಸರಿಸುತ್ತದೆ: ಈ ನಾಗ, ಒಂದು ಕೆರೆ ಮತ್ತು ಒಂದು ವಿಹಾರ. ಇಲ್ಲಿ ವಿಹಾರವೆಂದರೆ ಭಿಕ್ಷುಗಳು ತಂಗುವ ನೆಲೆ. ನಡೆಯುವುದಕ್ಕೂ ನೆಲೆಸುವುದಕ್ಕೂ ಒಂದೇ ಪದವನ್ನು ಬಳಸಿದ ಪರಂಪರೆ ಈ ಊರಿನ ಕಲ್ಲಿನ ಮೇಲೆಯೇ ಉಳಿದಿದೆ. ನಾಗವನ್ನು ಕಡೆದವನು ನಟಕನೆಂಬ ಶಿಲ್ಪಿ. ಅವನು ತನ್ನ ಗುರುವಿನ ಹೆಸರನ್ನೂ ಸೇರಿಸಿ ಬರೆದಿದ್ದಾನೆ. ದೊಡ್ಡ ದೊಡ್ಡ ಗುಡಿಗಳ ಶಿಲ್ಪಿಗಳು ಯಾರೆಂದು ತಿಳಿಯದಿರುವ ನಾಡಿನಲ್ಲಿ ಸುಮಾರು 1700 ವರ್ಷಗಳಿಗೂ ಹಿಂದಿನ ಒಬ್ಬ ಕಲ್ಲುಕುಟಿಗನ ಹೆಸರು ಉಳಿದುಬಂದಿದೆ. ಶಿರಸಿಯಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಈ ಕಲ್ಲಿನ ಮುಂದೆ ನಿಂತು ಆ ಹೆಸರನ್ನು ಒಮ್ಮೆ ಉಚ್ಚರಿಸಿದ ಕನ್ನಡ ವಿದ್ಯಾರ್ಥಿಗಳು ಎಷ್ಟು ಮಂದಿ?

ಬನವಾಸಿಯ ಸಮೀಪದ ಗುಡ್ನಾಪುರ ಇನ್ನೂ ಮೌನವಾದ ಸ್ಥಳ. ಅಲ್ಲಿಯ ದೊಡ್ಡ ಕೆರೆಯ ಬಳಿ ದೊರೆತ ಕದಂಬ ರವಿವರ್ಮನ ಸಂಸ್ಕೃತ ಸ್ತಂಭಶಾಸನವನ್ನು ಬಿ.ಆರ್. ಗೋಪಾಲ್ ಅವರು ಬೆಳಕಿಗೆ ತಂದರು. ಐದನೆಯ ಶತಮಾನದ ಕೊನೆ, ಆರನೆಯ ಶತಮಾನದ ಆರಂಭದಲ್ಲಿ ಆಳಿದ ಈ ಅರಸನ ಅರಮನೆ, ಅದರ ಬಳಿಯ ಎರಡು ನೃತ್ಯಶಾಲೆಗಳು, ಅವನು ಕಟ್ಟಿಸಿದ ಕಾಮಜಿನಾಲಯ, ಅಲ್ಲಿ ನಡೆಯುತ್ತಿದ್ದ ವಸಂತೋತ್ಸವ ಇವೆಲ್ಲ ಆ ಶಾಸನದಲ್ಲಿವೆ. ಜೈನ ಪರಂಪರೆ ಬಾಹುಬಲಿಯನ್ನು ಮೊದಲ ಕಾಮದೇವನೆಂದು ಕರೆಯುವುದರಿಂದ ಈ ಜಿನಾಲಯವನ್ನು ಬಾಹುಬಲಿಯೊಂದಿಗೆ ಸಂಬಂಧಿಸಿ ನೋಡಿದ ವಿದ್ವಾಂಸರೂ ಉಂಟು. ಸಾಹಿತ್ಯದ ಓದುಗನಿಗೆ ಇಲ್ಲಿ ಇನ್ನೊಂದು ಹೊಳಹು ದೊರೆಯುತ್ತದೆ. ಪಂಪನು ಬನವಾಸಿಯೊಂದಿಗೆ ನೆನೆಯುವ ವಸಂತೋತ್ಸವಕ್ಕೂ, ಅವನಿಗಿಂತ ನಾಲ್ಕು ಶತಮಾನಗಳಷ್ಟು ಹಿಂದೆ ಅದೇ ನೆಲದಲ್ಲಿ ಅರಸನೊಬ್ಬ ಕಲ್ಲಿನಲ್ಲಿ ಬರೆಯಿಸಿದ ವಸಂತೋತ್ಸವಕ್ಕೂ ನೇರ ಸಂಬಂಧವಿದೆಯೆಂದು ಸಾಧಿಸುವುದು ಸುಲಭವಲ್ಲ. ಆದರೂ ಕಾವ್ಯವನ್ನು ಒಂದು ಪುಸ್ತಕವಾಗಿ, ಶಾಸನವನ್ನು ಇನ್ನೊಂದು ಪುಸ್ತಕವಾಗಿ ಬೇರೆ ಬೇರೆ ಮೇಜಿನ ಮೇಲೆ ಓದುವವನಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಕೆರೆಯ ಏರಿಯ ಮೇಲೆ ಒಂದು ಸಂಜೆ ಕುಳಿತವನಿಗೆ ಎರಡೂ ಒಟ್ಟಿಗೆ ನೆನಪಾಗುತ್ತವೆ. ಸಂಶೋಧನೆಯ ಪ್ರಶ್ನೆಗಳು ಎಷ್ಟೋ ಬಾರಿ ಇಂಥ ಬಿಡುವಿನಲ್ಲಿಯೇ ಹುಟ್ಟುತ್ತವೆ. ಅವುಗಳ ಉತ್ತರಕ್ಕೆ ಗ್ರಂಥಾಲಯ ಬೇಕು ಎಂಬುದು ಬೇರೆ ಮಾತು.

ಕೋಲಸಿರ್ಸಿಯವನಿಗೆ ಬನವಾಸಿಯೂ ದೂರವೆನಿಸಿದರೆ ತನ್ನ ತಾಲ್ಲೂಕಿನಲ್ಲಿಯೇ ಬಿಳಗಿ ಇದೆ. ಶ್ವೇತಪುರವೆಂದು ಹಿಂದೆ ಕರೆಯಿಸಿಕೊಂಡ ಈ ಸಣ್ಣ ರಾಜಧಾನಿಯ ರತ್ನತ್ರಯ ಬಸದಿಯಲ್ಲಿ ನೇಮಿನಾಥ, ಪಾರ್ಶ್ವನಾಥ, ವರ್ಧಮಾನರ ನೆಲೆ. ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರಗಳೆಂಬ ರತ್ನತ್ರಯದಲ್ಲಿ ಮೊದಲನೆಯದು ದರ್ಶನ. ಸಿದ್ಧಾಂತದಲ್ಲಿ ಅದಕ್ಕೆ ಶ್ರದ್ಧೆಯೆಂಬ ಅರ್ಥ. ಆದರೂ ಆ ಪದದ ಮೂಲದಲ್ಲಿ ನೋಟವಿದೆ. ಸೋದೆಗೆ ಹೋದವರು ವಾದಿರಾಜರ ಬೃಂದಾವನವನ್ನು ಕಂಡು ಮರಳುತ್ತಾರೆ. ಅದೇ ಊರಿನ ಸ್ವಾದಿ ಜೈನ ಮಠದ ಕಡೆ ಹೆಜ್ಜೆ ಹಾಕುವವರು ಕಡಿಮೆ. ಒಂದೇ ಊರಿನ ಅರಸರ ಆಶ್ರಯದಲ್ಲಿ ಮಾಧ್ವ, ಸ್ಮಾರ್ತ, ವೀರಶೈವ, ಜೈನ ಪರಂಪರೆಗಳು ಅಕ್ಕಪಕ್ಕದಲ್ಲಿ ಬೆಳೆದದ್ದನ್ನು ಗ್ರಂಥದಲ್ಲಿ ಓದಿದಾಗ ಅದು ಮಾಹಿತಿ. ಒಂದು ಮಠದ ಬಾಗಿಲಿನಿಂದ ಇನ್ನೊಂದಕ್ಕೆ ನಡೆದು ಹೋದಾಗ ಅದು ಅನುಭವ. 1604ರಲ್ಲಿ 592 ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಸಂಸ್ಕೃತದಲ್ಲಿ ರಚಿಸಿ ಕನ್ನಡದ ಘನತೆಯನ್ನು ಎತ್ತಿಹಿಡಿದ ಭಟ್ಟಾಕಳಂಕದೇವನು ಇದೇ ಉತ್ತರ ಕನ್ನಡ ಜಿಲ್ಲೆಯ ಹಾಡುವಳ್ಳಿಯ ಗುರುಪರಂಪರೆಯವನು. ಕನ್ನಡ ವ್ಯಾಕರಣದ ಚರಿತ್ರೆಯನ್ನು ಪರೀಕ್ಷೆಗೆ ಬರೆಯುವ ಇಲ್ಲಿಯ ವಿದ್ಯಾರ್ಥಿಗೆ ಅದು ತನ್ನ ಜಿಲ್ಲೆಯ ಚರಿತ್ರೆಯೂ ಹೌದೆಂದು ಹೊಳೆಯದಿದ್ದರೆ ಆ ಓದು ಅರ್ಧ.

ಊರನ್ನು ಅಲ್ಲಿಯವರು ನೋಡದಿದ್ದಾಗ ಬೇರೆಯವರು ನೋಡಿ ಹೆಸರಿಡುತ್ತಾರೆ. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಎತ್ತರದಿಂದ ಧುಮುಕುತ್ತದೆ. 1845ರಲ್ಲಿ ಲುಷಿಂಗ್ಟನ್ ಎಂಬ ಬ್ರಿಟಿಷ್ ಜಿಲ್ಲಾಧಿಕಾರಿ ಇದನ್ನು ‘ಕಂಡುಹಿಡಿದ’ನೆಂದು ಹೇಳುತ್ತ ಅವನ ಹೆಸರಿನಿಂದಲೇ ಇದನ್ನು ಕರೆದರು, ಇಂದಿಗೂ ಅನೇಕ ಕೈಪಿಡಿಗಳಲ್ಲಿ ಆ ಹೆಸರು ಉಳಿದಿದೆ. ಅವನು ಬರುವ ಮೊದಲೇ ಅಲ್ಲಿಯವರಿಗೆ ಅದು ಗೊತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಸದ್ದಿಗೆ ಕಿವಿ ಕೆಪ್ಪಾಗುತ್ತದೆಂದು ಅವರು ಅದಕ್ಕೆ ‘ಕೆಪ್ಪ ಜೋಗ’ ಎಂದರು. ಒಂದು ಹೆಸರಿನಲ್ಲಿ ಅಧಿಕಾರಿಯ ಸ್ಮರಣೆಯಿದೆ. ಇನ್ನೊಂದರಲ್ಲಿ ಅಲ್ಲಿ ನಿಂತು ಆಲಿಸಿದವರ ಅನುಭವವಿದೆ. ಬರವಣಿಗೆಯಲ್ಲಿ ದಾಖಲಾದದ್ದರಿಂದ ಮೊದಲನೆಯದು ದೂರ ಹೋಯಿತು. ಹಾಗಾಗಿ ಸ್ವಂತ ಊರಿನ ವಿಹಾರಕ್ಕೆ ಹೊರಡುವ ವಿದ್ಯಾರ್ಥಿಯ ಜೇಬಿನಲ್ಲಿ ಒಂದು ಸಣ್ಣ ನೋಟ್‌ಪುಸ್ತಕ ಇರುವುದು ಒಳ್ಳೆಯದು.

ಈ ವಿಚಾರದ ತಿರುಳು ಪಂಪನ ಇನ್ನೊಂದು ಕೃತಿಯಲ್ಲಿದೆ. ಆದಿಪುರಾಣದ ನೀಲಾಂಜನೆಯ ಪ್ರಸಂಗ ಓದುಗರಿಗೆ ಪರಿಚಿತ. ಆಸ್ಥಾನದಲ್ಲಿ ನರ್ತಿಸುತ್ತಿದ್ದಂತೆಯೇ ಆಕೆಯ ಆಯುಷ್ಯ ಮುಗಿಯುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಅದೇ ಕ್ಷಣದಲ್ಲಿ ಅವಳಂತೆಯೇ ಇರುವ ಇನ್ನೊಬ್ಬಳನ್ನು ಸೃಷ್ಟಿಸಿ ನಿಲ್ಲಿಸುತ್ತಾನೆ. ನೃತ್ಯ ಮುಂದುವರಿಯುತ್ತದೆ, ಸಭೆ ತಲೆದೂಗುತ್ತದೆ. ಬದಲಾವಣೆಯನ್ನು ಕಂಡವನು ಆದಿದೇವನೊಬ್ಬನೇ. ಈ ಪ್ರಸಂಗವನ್ನು ಸಾಮಾನ್ಯವಾಗಿ ವೈರಾಗ್ಯದ ದೃಷ್ಟಾಂತವಾಗಿ ಬೋಧಿಸಲಾಗುತ್ತದೆ, ಅದು ಸರಿಯೇ. ಆದರೆ ವೈರಾಗ್ಯಕ್ಕೆ ಮೊದಲು ಅಲ್ಲಿ ನೋಟವಿದೆ. ಉಳಿದವರೂ ಅದೇ ನೃತ್ಯವನ್ನು ಅದೇ ಸಭೆಯಲ್ಲಿ ಕುಳಿತು ನೋಡುತ್ತಿದ್ದರು. ಅವರ ಕಣ್ಣಿಗೆ ಕಂಡದ್ದು ನೃತ್ಯ. ಆದಿದೇವನಿಗೆ ಕಂಡದ್ದು ನರ್ತಕಿ ಇಲ್ಲವಾದದ್ದು.

ಊರುಗಳಲ್ಲಿ ಪ್ರತಿದಿನ ನಡೆಯುತ್ತಿರುವುದು ಇದೇ. ಒಂದು ವೀರಗಲ್ಲು ಇದ್ದೆಡೆ ರಸ್ತೆಯ ಅಗಲೀಕರಣ ಬರುತ್ತದೆ. ಕಾವಿ ಚಿತ್ರವಿದ್ದ ಗೋಡೆಯಲ್ಲಿ ಹೊಳೆಯುವ ಟೈಲ್ಸ್ ಕಾಣಿಸಿಕೊಳ್ಳುತ್ತದೆ. ಸಿದ್ದಾಪುರ, ಸಾಗರ ಸೀಮೆಯ ದೀವರ ಮನೆಗಳ ಮಣ್ಣಿನ ಗೋಡೆಯ ಮೇಲೆ ಹೆಂಗಸರು ಬರೆಯುತ್ತಿದ್ದ ಹಸೆಚಿತ್ತಾರ ಗೋಡೆಯೊಂದಿಗೇ ಕರಗಿ, ಸಿಮೆಂಟಿನ ಗೋಡೆಯ ಮೇಲೆ ಕ್ಯಾಲೆಂಡರು ತೂಗುತ್ತದೆ. ಒಂದರ ಜಾಗದಲ್ಲಿ ಇನ್ನೊಂದು ಕೂಡಲೇ ಬಂದು ನಿಲ್ಲುವುದರಿಂದ ಸಭೆಗೆ ಏನೂ ತಿಳಿಯುವುದಿಲ್ಲ. ಮೊದಲು ಅಲ್ಲಿ ಏನಿತ್ತೆಂದು ಬಲ್ಲವನು ಒಬ್ಬನಾದರೂ ಬೇಕು. ಕಾನೂನು, ಇಲಾಖೆ, ಸಂರಕ್ಷಿತ ಸ್ಮಾರಕದ ಫಲಕ ಇವೆಲ್ಲ ಅಗತ್ಯವೇ. ಆದರೆ ಪ್ರತಿಯೊಂದು ಹಳ್ಳಿಯ ಪ್ರತಿಯೊಂದು ಕಲ್ಲಿಗೆ ಕಾವಲುಗಾರನನ್ನು ನೇಮಿಸುವುದು ಯಾವ ಇಲಾಖೆಗೂ ಸಾಧ್ಯವಿಲ್ಲ. ನೋಡಿದವರು ಕಾಯುತ್ತಾರೆಂಬುದಕ್ಕೆ ಈ ಸೀಮೆಯೇ ಒಂದು ದೊಡ್ಡ ಉದಾಹರಣೆಯನ್ನು ಕೊಟ್ಟಿದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಸಮೀಪದ ಕಾಡಿನಲ್ಲಿ ಹಳ್ಳಿಯ ಜನ ಮರಗಳನ್ನು ಅಪ್ಪಿ ನಿಂತರು. ‘ಅಪ್ಪಿಕೋ’ ಚಳವಳಿ ಹುಟ್ಟಿದ್ದು ಹಾಗೆ. ನಕ್ಷೆಯಲ್ಲಿ ಹಸಿರು ಬಣ್ಣದ ಒಂದು ತುಂಡಾಗಿದ್ದ ಆ ಕಾಡನ್ನು ಅವರು ಮರ ಮರವಾಗಿ ಬಲ್ಲವರಾಗಿದ್ದರು.

ಇದಕ್ಕೆ ಎದುರಾಗಬಹುದಾದ ಆಕ್ಷೇಪಗಳು ಕೇವಲ ಸೋಮಾರಿಗಳ ಆಕ್ಷೇಪಗಳಲ್ಲ. ಮೊದಲನೆಯದು ಪುರುಸೊತ್ತಿನ ಅಸಮಾನತೆ. ಕೊನೆಕೊಯ್ಲಿನ ಕಾಲದಲ್ಲಿ ಮರವೇರುವ ಕೊನೆಗೌಡನಿಗೂ, ರಾತ್ರಿಯವರೆಗೆ ಅಡಿಕೆ ಸುಲಿಯುವ ಹೆಣ್ಣಾಳಿಗೂ ‘ಒಂದು ದಿನ ನಿಮ್ಮ ಊರನ್ನು ನೋಡಿ’ ಎಂದು ಉಪದೇಶಿಸುವುದು ಉಳ್ಳವರ ಮಾತಾಗುತ್ತದೆ. ಇದನ್ನು ಒಪ್ಪಲೇಬೇಕು. ಆದರೆ ಬಿಡುವು ಇಲ್ಲದವರಿಗೆ ಬಿಡುವು ಬೇಡವೆಂದು ಇದರಿಂದ ಸಿದ್ಧವಾಗುವುದಿಲ್ಲ. 2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಆರಂಭವಾಗಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಾಗ ನಡೆದುದನ್ನು ಇಲ್ಲಿ ನೆನೆಯಬಹುದು. ಹೆಂಗಸರು ಗುಂಪು ಗುಂಪಾಗಿ ಗುಡಿಗಳಿಗೂ ಊರುಗಳಿಗೂ ಹೊರಟರು. ‘ಮನೆಯಲ್ಲಿ ಕೆಲಸವಿಲ್ಲವೇ’ ಎಂಬ ಹಾಸ್ಯ ಎಲ್ಲೆಡೆ ಹರಿದಾಡಿತು. ಗಂಡಸರು ಪೇಟೆಯ ಹೋಟೆಲಿನಲ್ಲಿ ಚಹಾ ಮುಂದಿಟ್ಟುಕೊಂಡು ಅರ್ಧ ದಿನ ಕಳೆಯುವುದನ್ನು ಯಾರೂ ಹಾಗೆ ಹಾಸ್ಯ ಮಾಡಿರಲಿಲ್ಲ. ಒಂದು ತಾಲ್ಲೂಕಿನಲ್ಲಿಯೇ ಹುಟ್ಟಿ ಮದುವೆಯಾಗಿ ಮುದುಕಿಯಾದ ಒಬ್ಬ ಹೆಂಗಸು ಕೈಯಲ್ಲಿ ಗುರುತಿನ ಚೀಟಿ ಹಿಡಿದು ಮೊದಲ ಬಾರಿಗೆ ತನ್ನದೇ ಜಿಲ್ಲೆಯ ಒಂದು ಗುಡಿಯನ್ನು ನೋಡಿ ಬಂದರೆ ಅದು ನಗೆಯ ವಿಷಯವಾಗಬಾರದು. ಜಾತ್ರೆಗೆ ಮಾತ್ರ ಸೀಮಿತವಾಗಿದ್ದ ಅವಳ ವಿಹಾರ ವರ್ಷದ ಯಾವುದೇ ದಿನಕ್ಕೆ ಬಂತೆಂದು ತಿಳಿಯಬೇಕು.

ಎರಡನೆಯ ಆಕ್ಷೇಪ ಪ್ರವಾಸೋದ್ಯಮದ ಕುರಿತಾದುದು. ಈಗಾಗಲೇ ಮಳೆಗಾಲ ಮುಗಿದೊಡನೆ ಇಲ್ಲಿಯ ಜಲಪಾತಗಳ ದಾರಿಗಳಲ್ಲಿ ವಾಹನಗಳ ಸಾಲು, ಬಂಡೆಗಳ ಸಂದಿಯಲ್ಲಿ ಬಾಟಲಿಗಳ ರಾಶಿ; ಇನ್ನೂ ಜನ ಬರಬೇಕೇ ಎಂದು ಕೇಳುವವರಿದ್ದಾರೆ. ಅವರ ಕಳವಳ ನ್ಯಾಯವಾದುದು. ಆದರೆ ಸ್ವಂತ ಊರಿನ ವಿಹಾರಿಯನ್ನು ಅವರ ಸಾಲಿಗೆ ಸೇರಿಸುವುದು ತಪ್ಪು. ಮತ್ತೆ ಬರಲಾರದವನು ಒಂದೇ ದಿನದಲ್ಲಿ ಎಲ್ಲವನ್ನೂ ಬಾಚಿಕೊಳ್ಳಲು ಹವಣಿಸುತ್ತಾನೆ. ಊರಿನವನಿಗೆ ನಾಳೆಯೂ ಅಲ್ಲಿಯೇ ಬದುಕಬೇಕಾಗಿದೆ; ಇಂದು ಅರ್ಧ ನೋಡಿ ಮುಂದಿನ ತಿಂಗಳು ಉಳಿದರ್ಧಕ್ಕೆ ಬರಬಹುದು. ಅವನು ಬಸ್ಸಿನಲ್ಲಿ ಹೋಗಬಹುದು, ಬುತ್ತಿಯನ್ನು ಮನೆಯಿಂದಲೇ ಒಯ್ಯಬಹುದು, ನೀರನ್ನು ಪರಿಚಯದವರ ಮನೆಯಲ್ಲಿ ಕೇಳಿ ಕುಡಿಯಬಹುದು. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ನಡೆಯುವ ನಿಯಮ ಪ್ಲಾಸ್ಟಿಕ್ಕಿನ ಕಾಲದಲ್ಲಿಯೂ ಹಳತಾಗಿಲ್ಲ.

ಈ ಸೀಮೆಯ ಕಾಲೇಜುಗಳ ಕನ್ನಡ ವಿಭಾಗಗಳು ಇದನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಬಹುದು. ವರ್ಷಕ್ಕೊಮ್ಮೆ ದೂರದ ಐತಿಹಾಸಿಕ ಕ್ಷೇತ್ರಗಳಿಗೆ ಹೊರಡುವ ಶೈಕ್ಷಣಿಕ ಪ್ರವಾಸ ಇದ್ದೇ ಇರಲಿ. ಅದರ ಜೊತೆಗೆ ಪ್ರತಿ ಸೆಮಿಸ್ಟರಿನಲ್ಲಿ ಒಂದು ದಿನ, ಒಂದೇ ಸ್ಥಳ ಎಂಬ ನಿಯಮವಿರಲಿ. ಬನವಾಸಿಗೆ ಹೋದ ದಿನ ಸೋದೆ ಬೇಡ. ಬಿಳಗಿಗೆ ಹೋದ ದಿನ ಜೋಗ ಬೇಡ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿಯೇ ಇರಬೇಕು. ಹತ್ತು ಪುಟಗಳ ವರದಿಯ ಒತ್ತಾಯ ಬೇಡ, ಏಕೆಂದರೆ ವರದಿ ಬರೆಯಬೇಕೆಂದೊಡನೆ ವಿದ್ಯಾರ್ಥಿ ಕಲ್ಲನ್ನು ಬಿಟ್ಟು ಮೊಬೈಲನ್ನು ನೋಡತೊಡಗುತ್ತಾನೆ. ಕಣ್ಣಾರೆ ಕಂಡ ಐದು ಸಂಗತಿಗಳನ್ನು ಐದು ವಾಕ್ಯಗಳಲ್ಲಿ ಬರೆದರೆ ಸಾಕು: ವರದೆ ಊರಿನ ಯಾವ ಮಗ್ಗುಲಲ್ಲಿ ಹರಿಯುತ್ತದೆ, ಮಂಟಪದ ಯಾವ ಕಂಬದ ಕುಸುರಿ ಅಪೂರ್ಣವಾಗಿ ಉಳಿದಿದೆ, ಶಾಸನದ ಯಾವ ಸಾಲು ಸವೆದಿದೆ, ಕೆರೆಯ ಏರಿಗೆ ಊರಿನವರು ಏನೆನ್ನುತ್ತಾರೆ, ಅಲ್ಲಿಯ ಅಜ್ಜಿಯೊಬ್ಬರು ಆ ಕಲ್ಲಿನ ಬಗ್ಗೆ ಹೇಳಿದ ಕಥೆ ಯಾವುದು. ಹೀಗೆ ಹತ್ತು ವರ್ಷಗಳ ವಿದ್ಯಾರ್ಥಿಗಳ ಪುಟಗಳನ್ನು ವಿಭಾಗದ ಕಪಾಟಿನಲ್ಲಿ ಜೋಪಾನವಾಗಿಟ್ಟರೆ, ಯಾವ ಕಂಬ ಯಾವ ವರ್ಷದವರೆಗೆ ನೆಟ್ಟಗಿತ್ತೆಂದು ಹೇಳಬಲ್ಲ ದಾಖಲೆಯೊಂದು ತಾನಾಗಿಯೇ ಸಿದ್ಧವಾಗುತ್ತದೆ.

1987ರಲ್ಲಿ ಆರಂಭವಾದ ಪಂಪ ಪ್ರಶಸ್ತಿಯೂ ಕದಂಬೋತ್ಸವವೂ ಬನವಾಸಿಗೆ ನಾಡಿನ ಗಮನವನ್ನು ತಂದಿವೆ. ಉತ್ಸವದ ದಿನಗಳಲ್ಲಿ ಅಲ್ಲಿ ದೀಪ, ವೇದಿಕೆ, ಧ್ವನಿವರ್ಧಕಗಳ ಸಂಭ್ರಮವಿರುತ್ತದೆ. ಆ ಸಂಭ್ರಮ ಮುಗಿದು ಪೆಂಡಾಲು ಬಿಚ್ಚಿದ ಮೇಲೆ ಊರು ಮತ್ತೆ ತನ್ನ ಮೌನಕ್ಕೆ ಮರಳುತ್ತದೆ. ರಥಬೀದಿಯಲ್ಲಿ ದನಗಳು ಮಲಗುತ್ತವೆ, ಶಾಲೆ ಬಿಟ್ಟ ಮಕ್ಕಳು ಗುಡಿಯ ಅಂಗಳದಲ್ಲಿ ಆಡುತ್ತಾರೆ. ಬನವಾಸಿಯನ್ನು ನೋಡಬೇಕಾದದ್ದು ಅಂಥ ದಿನ. ಕೋಲಸಿರ್ಸಿಯಿಂದ ಬೆಳಗಿನ ಬಸ್ಸಿನಲ್ಲಿ ಹೊರಟ ವಿದ್ಯಾರ್ಥಿನಿಯೊಬ್ಬಳು ಅಂದು ಅಲ್ಲಿ ನಾಗಶಿಲ್ಪದ ಮುಂದೆ ಕುಳಿತು ಅದರ ಐದು ಹೆಡೆಗಳನ್ನು ತನ್ನ ಪುಸ್ತಕದಲ್ಲಿ ಸೊಟ್ಟಸೊಟ್ಟಗೆ ಬರೆದುಕೊಂಡು, ಕತ್ತಲಾಗುವ ಮೊದಲು ಶಿರಸಿಗೆ ಬಂದು ಸಿದ್ದಾಪುರದ ಬಸ್ಸು ಹಿಡಿದರೆ, ಆ ದಿನ ಅವಳ ಯಾವ ಕೆಲಸವೂ ಆಗಿರುವುದಿಲ್ಲ. ಮುಂದೊಂದು ವರ್ಷ ಅವಳು ಮತ್ತೆ ಅಲ್ಲಿಗೆ ಹೋದಾಗ ಹೆಡೆಯ ಅಂಚಿನ ಒಂದು ಅಕ್ಷರ ಒಡೆದಿದ್ದರೆ, ಅದನ್ನು ಗುರುತಿಸಿ ಕೇಳುವವಳು ಆ ಸೀಮೆಯಲ್ಲಿ ಒಬ್ಬಳಾದರೂ ಇರುತ್ತಾಳೆ.